ಕಾಫಿಮಲೆಯ ಬಣ್ಣವೂ ಕೂಡಿಟ್ಟ ಪ್ರೀಸೆಟ್ಟೂ

ಚಿತ್ರಸಂಕಲನದ ತಂತ್ರಾಂಶಗಳಲ್ಲಿ ಒಮ್ಮೆ ಹೊಂದಿಸಿದ ಬಣ್ಣವನ್ನು ಪ್ರೀಸೆಟ್ಟಾಗಿ ಕೂಡಿಟ್ಟು ಬೇರೆ ದೃಶ್ಯಗಳಿಗೂ ಹಚ್ಚುವ ಸೌಕರ್ಯವಿದೆ. ಡಾವಿಂಚಿ ರಿಸಾಲ್ವ್‌ನಲ್ಲಿ ಪವರ್‌ಗ್ರೇಡ್ ಆಗಿ ಇಟ್ಟದ್ದು ಒಂದು ಚಿತ್ರದಿಂದ ಇನ್ನೊಂದಕ್ಕೂ ಒದಗುತ್ತದೆ. ಇದರಿಂದ ಶ್ರಮ ಉಳಿಯುವುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಮೂಡಿಗೆರೆ, ಕಳಸಗಳ ತೋಟಗಳನ್ನು ತೋರಿಸುವಲ್ಲಿ ಈ ಸೌಕರ್ಯವೇ ತೊಡಕಾಗುತ್ತದೆಂದು ನಮ್ಮ ಅಭಿಪ್ರಾಯ.

ಹೂಮಳೆಯ ನಂತರದ ಏಪ್ರಿಲ್ ಬಿಸಿಲಿಗೆಂದು ಬೆಚ್ಚಗೆ ಹೊಂದಿಸಿದ ಬಣ್ಣವನ್ನು ಜುಲೈ ತಿಂಗಳ ಮಂಜಿಗೆ ಹಚ್ಚಿದರೆ ಮಂಜು ಹಳದಿಗಟ್ಟಿ ಹೊಗೆಯಂತೆ ಕಾಣುತ್ತದೆ. ಇದನ್ನಾದರೂ ಕ್ಷಮಿಸಬಹುದು, ಹಣ್ಣಿನ ವಿಷಯ ಹಾಗಲ್ಲ. ಕೊಯ್ಲಿನವರ ಕಣ್ಣಿಗೆ ಹಣ್ಣು, ದೋರೆಗಾಯಿ, ಕಾಯಿಗಳ ಭೇದವನ್ನು ತಿಳಿಸುವುದು ಬಣ್ಣವೇ. ಹಸುರನ್ನು ನೀಲಿಯ ಕಡೆಗೂ ಹಳದಿಯನ್ನು ಕಿತ್ತಳೆಯ ಕಡೆಗೂ ಎಳೆಯುವ ಪ್ರಚಲಿತ ಪ್ರೀಸೆಟ್ಟು ದೋರೆಗಾಯಿಯನ್ನೂ ಹಣ್ಣೆನಿಸಿಬಿಡುತ್ತದೆ. ನೋಡುವವನು ಬೆಳೆಗಾರನಾದರೆ ನಕ್ಕಾನು. ಹೊರಗಿನವನು ನಂಬುತ್ತಾನೆ, ಕೇಡು ಅಲ್ಲಿಯೇ ಇದೆ. 33 ಬಿಂದುಗಳ ವರ್ಣಕೋಷ್ಟಕದಲ್ಲಿ 35,937 ಬಣ್ಣಗಳಿಗೆ ಉತ್ತರವಿದ್ದರೂ ಮಂಜು ಯಾವುದು, ಸಿಲ್ವರ್ ಓಕಿನ ತೊಗಟೆ ಯಾವುದು ಎಂಬುದು ಅದಕ್ಕೆ ತಿಳಿಯದು.

ಒಂದೇ ಕ್ಯಾಮರಾದ ಲಾಗ್ ಚಿತ್ರಿಕೆಯನ್ನು ಸಹಜವರ್ಣಕ್ಕೆ ತರುವ ಪರಿವರ್ತನೆಯನ್ನು ಕೂಡಿಟ್ಟು ಬಳಸುವುದು ಯುಕ್ತವೇ. ಬೆಳಕಿನ ಪ್ರಮಾಣವನ್ನೂ ಬಿಳುಪಿನ ಸಮತೋಲವನ್ನೂ ಮಾತ್ರ ದೃಶ್ಯದೃಶ್ಯಕ್ಕೂ ತಿದ್ದತಕ್ಕದ್ದು. ಫಿಲ್ಮಿನ ಕಾಲದಲ್ಲಿ ಪ್ರಯೋಗಾಲಯದವರು ಕೆಂಪು, ಹಸುರು, ನೀಲಿ ಬೆಳಕುಗಳನ್ನು ಒಂದೊಂದು ತುಣುಕಿಗೂ ಬೇರೆಬೇರೆಯಾಗಿಯೇ ಗೊತ್ತುಮಾಡುತ್ತಿದ್ದರು.