ಆರು ಗಂಟೆ ಹೊಡೆದ ಮೇಲೆ

ಕಥೆ ಹೇಳುವವನಿಗೆ ನಮ್ಮೂರು ಹರಿಯಬ್ಬೆಯ ಕಟ್ಟೆಗಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ. 80ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬಾಹ್ಯಾಕಾಶ ಹಡಗಿನ ಸರಣಿ ‘ಸ್ಟಾರ್ ಟ್ರೆಕ್’ ಬರುತ್ತಿತ್ತು. ರಜೆಗೆ ಬೆಂಗಳೂರಿನ ಚಿಕ್ಕಪ್ಪನ ಮನೆಗೆ ಹೋದಾಗ ನೋಡಿಕೊಂಡು ಬಂದು ಊರಲ್ಲಿ ಹೇಳುತ್ತಿದ್ದೆ. ಮುಗಿಸಿದ ಮೇಲೆ ಯಾರಾದರೂ ‘ಅಷ್ಟೇನಾ?’ ಅಂದರೆ ಕೆಟ್ಟೆ. ನಿಂತ ನಿಲುವಿನಲ್ಲೇ ಬೇರೆ ಕೊನೆ ಹೆಣೆಯಬೇಕು. ಆಗ ಹತ್ತಿದ ಚಟ ಇನ್ನೂ ಬಿಟ್ಟಿಲ್ಲ.

ಈ ವಾರ ಕೊನೆ ತಿದ್ದಲು ಕೈಗೆತ್ತಿಕೊಂಡದ್ದು ಆ ಸರಣಿಯದೇ ಒಂದು ಕಂತು, 1967ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಪ್ರಸಾರವಾದ ‘ದಿ ರಿಟರ್ನ್ ಆಫ್ ದಿ ಆರ್ಕಾನ್ಸ್’. ಒಂದು ಗ್ರಹ. ಅಲ್ಲಿನ ಜನ ಸದಾ ಶಾಂತ, ಸದಾ ಮುಗುಳ್ನಗೆ. ಹಬ್ಬದ ದಿನ ಗಡಿಯಾರ ಸಂಜೆ ಆರು ಹೊಡೆದದ್ದೇ ತಡ, ಅದೇ ಜನ ಕಲ್ಲು ತೂರುತ್ತಾರೆ, ಬೆಂಕಿ ಹಚ್ಚುತ್ತಾರೆ, ಹೆಣ್ಣುಮಕ್ಕಳ ಮೇಲೆ ಬೀಳುತ್ತಾರೆ. ಬೆಳಗಾದರೆ ಮತ್ತೆ ಅದೇ ನಗು. ಇದನ್ನೆಲ್ಲ ಆಡಿಸುವುದು ಲಾಂಡ್ರು. 6000 ವರ್ಷಗಳ ಹಿಂದಿನ ನಾಯಕನೊಬ್ಬ ಕಟ್ಟಿಟ್ಟು ಹೋದ ಕಂಪ್ಯೂಟರ್.

ಕೊನೆಗೇನಾಗುತ್ತದೆ? ಆ ಗ್ರಹಕ್ಕೆ ಬಂದಿಳಿದ ಹಡಗಿನ ಕ್ಯಾಪ್ಟನ್ ಕರ್ಕ್ ವಾದಕ್ಕಿಳಿದು, ಸಮಾಜಕ್ಕೆ ಕೇಡು ನಿನ್ನಿಂದಲೇ ಎಂದು ಯಂತ್ರವನ್ನೇ ಒಪ್ಪಿಸುತ್ತಾನೆ. ಹೊಗೆ, ಸಿಡಿತ, ಮುಕ್ತಾಯ. ಮಾತಿನಲ್ಲೇ ಯಂತ್ರ ಕೊಲ್ಲುವ ಈ ವಿದ್ಯೆಯನ್ನು ಮುಂದೆ ‘ದಿ ಚೇಂಜ್‌ಲಿಂಗ್’, ‘ದಿ ಅಲ್ಟಿಮೇಟ್ ಕಂಪ್ಯೂಟರ್’ ಕಂತುಗಳಲ್ಲೂ ಕರ್ಕ್ ಪ್ರಯೋಗಿಸುತ್ತಾನೆ. ವಕೀಲನಾಗಬೇಕಿದ್ದವನು.

ಅಸಂಭವ ಅನ್ನುವುದಲ್ಲ ನನ್ನ ತಕರಾರು. ಅಸಂಭವವನ್ನು ಹಿರಿಯೂರು ತಾಲ್ಲೂಕಿನ ನಾವು ಕಣ್ಣಾರೆ ಕಂಡಿದ್ದೇವೆ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಅಣೆಕಟ್ಟು 1933ರಲ್ಲೊಮ್ಮೆ ಕೋಡಿ ಬಿದ್ದಿತ್ತಂತೆ ಎಂದು ಅಜ್ಜಂದಿರು ಹೇಳಿದರೆ ಹುಡುಗರು ನಗುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ, ನೀರು 130 ಅಡಿ ದಾಟಿ ಕೋಡಿಯಲ್ಲಿ ಧುಮುಕಿತು. ಆದರೆ ಅದು ದಿಢೀರನೆ ಆದದ್ದಲ್ಲ. ವೇದಾವತಿಯ ಮೇಲ್ಭಾಗದಲ್ಲಿ ಮಳೆ ಸುರಿದಿತ್ತು, ಅದಕ್ಕೂ ಮೊದಲೇ ಭದ್ರೆಯ ನೀರು ಬಂದು ಸೇರತೊಡಗಿತ್ತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಯಾರಿಗೂ ಪವಾಡ ಅನಿಸಲಿಲ್ಲ. ಮೇಲಿಂದ ಹರಿದು ಬಂದದ್ದೇ ಕೋಡಿ ದಾಟುತ್ತದೆ. ಕಥೆಯ ಕೊನೆಯೂ ಹಾಗೇ ಇರಬೇಕು.

ಲಾಂಡ್ರುವಿನ ಕಥೆಯಲ್ಲಿ ಮೇಲಿಂದ ಹರಿದು ಬಂದವಳು ಆ ಗ್ರಹದ ಹುಡುಗಿ ಟುಲಾ. ಹಬ್ಬದ ರಾತ್ರಿ ಅದೇ ಊರಿನ ಬಿಲಾರ್ ಅವಳನ್ನು ಎಳೆದೊಯ್ಯುತ್ತಾನೆ. ಬೆಳಿಗ್ಗೆ ಬಿಕ್ಕುತ್ತಿರುತ್ತಾಳೆ. ಸುಮ್ಮನಿದ್ದ ಅವಳ ಅಪ್ಪ ರೆಗರ್‌ನ ಮೇಲೆ ಸಿಟ್ಟಾಗುವವನು ಹಡಗಿನ ಲಿಂಡ್‌ಸ್ಟ್ರಾಮ್ ಒಬ್ಬನೇ. ಅದೇ ಲಿಂಡ್‌ಸ್ಟ್ರಾಮ್ ಕೊನೆಯಲ್ಲಿ ಗ್ರಹದ ಮೇಲೇ ಉಳಿದು, ಈಗ ಇಲ್ಲಿ ಗಂಡ-ಹೆಂಡಿರ ಜಗಳ, ಹೊಡೆದಾಟ ಎಲ್ಲ ಶುರುವಾಗಿದೆ ಎಂದು ಖುಷಿಯಿಂದ ವರದಿ ಕೊಡುತ್ತಾನೆ. ಟುಲಾಳ ಸುದ್ದಿಯೇ ಇಲ್ಲ!

ಕೊನೆ ತಿದ್ದುವವನು ಹೊಸ ಪಾತ್ರ ತರಬಾರದು, ಹೊಸ ಆಯುಧ ತರಬಾರದು. ಕಥೆಯಲ್ಲಿ ಗಡಿಯಾರವಿದೆ, ಕಲ್ಲಿದೆ, ಟುಲಾ ಇದ್ದಾಳೆ. ನನಗೆ ಸಾಕು.

ನನ್ನ ಲಾಂಡ್ರು ಸಿಡಿಯುವುದಿಲ್ಲ, ಸುಮ್ಮನಾಗುತ್ತಾನೆ. ಮರುದಿನ ಸಂಜೆ ಗಡಿಯಾರ ಆರು ಹೊಡೆಯುತ್ತದೆ. ಮುಂದಿನ ಹಬ್ಬ ಯಾವಾಗ ಅಂತ ಹೇಳುವವರು ಈಗ ಯಾರೂ ಇಲ್ಲ. ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ರೆಗರ್ ಮಗಳನ್ನು ಒಳಗೆ ಕರೆಯುತ್ತಾನೆ. ಅವಳು ಹೊಸ್ತಿಲಲ್ಲೇ ನಿಂತಿದ್ದಾಳೆ. ಬೀದಿಯಾಚೆ ಬಿಲಾರ್, ಮುಖದಲ್ಲಿ ನಗುವಿಲ್ಲ. ಮೇಲಿನ ಹಡಗಿನಿಂದ ಕರ್ಕ್ ಕೇಳುತ್ತಾನೆ, ಎಲ್ಲ ಸರಿಯಿದೆಯಾ? ಲಿಂಡ್‌ಸ್ಟ್ರಾಮ್ ಉತ್ತರ ಕೊಡುವುದಿಲ್ಲ.

ಮೊನ್ನೆ ಊರಿಗೆ ಹೋದಾಗ ಇದನ್ನು ಕಟ್ಟೆಯ ಹಳೆಯ ಗೆಳೆಯನಿಗೆ ಹೇಳಿದೆ. ‘ಅಷ್ಟೇನಾ’ ಅನ್ನಲಿಲ್ಲ. ಬೀಡಿ ಆರಿಸಿ ಕೇಳಿದ: “ಅವನ ಕೈಯಾಗೆ ಕಲ್ಲಿತ್ತೋ ಇಲ್ವೋ?”

ಆ ಸಾಲನ್ನು ನಾನಿನ್ನೂ ಬರೆದಿಲ್ಲ.