ತಡವಾಗಿ ತಲುಪುವ ತೂಕ

ಗಿಡ್ಡ ಎಆರ್-15 ಬಂದೂಕಿನ ಬಫರನ್ನು ಹೊರತೆಗೆದು ಕಿವಿಯ ಬಳಿ ಹಿಡಿದು ಅಲುಗಿಸಿ ನೋಡಿ. ಒಳಗೆ ಟಕ್ ಟಕ್ ಎಂದು ಏನೋ ಜರುಗುತ್ತದೆ. ಮೊದಲ ಸಲ ಕೇಳಿದವರು ಅದು ಸಡಿಲಗೊಂಡಿದೆ, ಕೆಟ್ಟಿದೆ ಎಂದೇ ಭಾವಿಸುತ್ತಾರೆ. ಆ ಸಡಿಲವೇ ಅದರ ಜೀವ. ಬೆರಳುದ್ದದ ಅಲ್ಯೂಮಿನಿಯಂ ಕೊಳವೆ; ಅದರೊಳಗೆ ಸಾಲಾಗಿ ಮೂರು ಲೋಹದ ತುಂಡು; ತುಂಡುಗಳ ನಡುವೆ ತೆಳುವಾದ ರಬ್ಬರ್ ಬಿಲ್ಲೆ; ಹಿಂತುದಿಯಲ್ಲಿ ಪೆಟ್ಟು ತಿನ್ನಲೆಂದೇ ಕೂರಿಸಿದ ಪಾಲಿಯುರೆಥೇನ್ ಮೆತ್ತೆ. ಇಡೀ ಬಂದೂಕಿನಲ್ಲಿ ನನಗೆ ಅತ್ಯಂತ ಚೆಲುವಾಗಿ ಕಾಣುವ ಭಾಗ ಇದು.

ಇದು ಎಲ್ಲಿ ಕೂರುತ್ತದೆ ಎಂಬುದರಲ್ಲೇ ಒಂದು ಸೊಗಸಿದೆ. ಅಮೆರಿಕದ ಆರ್ಮಲೈಟ್ ಕಂಪನಿಯಲ್ಲಿ 1950ರ ದಶಕದಲ್ಲಿ ಯೂಜೀನ್ ಸ್ಟೋನರ್ ತನ್ನ ಬಂದೂಕನ್ನು ರೂಪಿಸಿದಾಗ ನಳಿಗೆ, ಅದರ ಹಿಂಬಾಯಿ ಮುಚ್ಚುವ ಬೋಲ್ಟ್, ಹೆಗಲಿಗೆ ಆನಿಸುವ ಸ್ಟಾಕ್ ಮೂರನ್ನೂ ಒಂದೇ ನೇರ ಗೆರೆಯಲ್ಲಿ ತಂದ. ಹಳೆಯ ಮರದ ಬಂದೂಕುಗಳಲ್ಲಿ ನಳಿಗೆ ಮೇಲೆ, ಹೆಗಲಿಗೆ ಆನಿಸುವ ಹಿಡಿ ಕೆಳಗೆ; ಹಾಗಾಗಿ ಪ್ರತಿ ಗುಂಡಿಗೂ ಮೂತಿ ಆಕಾಶಕ್ಕೆ ಏಳುತ್ತಿತ್ತು. ನೇರ ಗೆರೆಯಲ್ಲಿ ಒದೆತ ಸೀದಾ ಹಿಂದಕ್ಕೆ ಬಂದು ಹೆಗಲಿನಲ್ಲಿ ಇಳಿಯುತ್ತದೆ. ಆ ಗೆರೆಯ ಬಾಲದಲ್ಲಿ, ಸ್ಟಾಕಿನ ಒಳಗಿನ ಕೊಳವೆಯಲ್ಲಿ, ಸ್ಪ್ರಿಂಗನ್ನು ಮೈಗೆ ಸುತ್ತಿಕೊಂಡು ಬಫರ್ ಕಾದಿರುತ್ತದೆ.

ಗುಂಡು ಹಾರಿದಾಗ ಹೆಗಲಿಗೆ ತಾಗುವುದು ಒಂದೇ ಒದೆತ ಎಂದು ಅನ್ನಿಸಿದರೂ ನಿಜಕ್ಕೂ ಅವು ಮೂರು. ಮದ್ದು ಗುಂಡನ್ನು ಮುಂದಕ್ಕೆ ನೂಕಿದಾಗಿನ ಹಿಮ್ಮುಖ ತಳ್ಳು ಮೊದಲನೆಯದು. ನಳಿಗೆಯ ರಂಧ್ರದಿಂದ ಬಂದ ಅನಿಲ ಬೋಲ್ಟನ್ನು ಹೊತ್ತ ಕ್ಯಾರಿಯರನ್ನು ಹಿಂದಕ್ಕೆ ಓಡಿಸಿ, ಅದು ಬಫರಿನೊಡನೆ ಕೊಳವೆಯ ತಳಕ್ಕೆ ಬಡಿಯುವುದು ಎರಡನೆಯದು. ಸ್ಪ್ರಿಂಗು ಅದನ್ನು ಮರಳಿ ಮುಂದಕ್ಕೆ ದೂಡಿ ಬಾಗಿಲು ಮುಚ್ಚಿದಾಗ ಮೂತಿ ತುಸು ಕೆಳಗೆ ಬಾಗುತ್ತದಲ್ಲ, ಅದು ಮೂರನೆಯದು. ಮೊದಲನೆಯದನ್ನು ಬಫರ್ ಮುಟ್ಟಲಾರದು. ಮದ್ದಿನ ಲೆಕ್ಕ ಮದ್ದಿನದೇ. ಉಳಿದೆರಡು ಪೂರ್ತಿಯಾಗಿ ಬಫರಿನ ರಾಜ್ಯ. ಒದೆತವನ್ನು ಅದು ಕಡಿಮೆ ಮಾಡುವುದಿಲ್ಲ, ಹಂಚುತ್ತದೆ. ಚುಚ್ಚುವ ಪೆಟ್ಟು ನೀಳವಾದ ತಳ್ಳಾಗುತ್ತದೆ. ಕೊಟ್ಟ ಒಟ್ಟು ತಳ್ಳು ಅಷ್ಟೇ, ಕೊಟ್ಟ ಹೊತ್ತು ಬೇರೆ.

ಇನ್ನು ಆ ಟಕ್ ಟಕ್ ಸದ್ದಿನ ವಿಷಯ. ಕ್ಯಾರಿಯರ್ ರಭಸದಿಂದ ಮುಂದೆ ಬಂದು ಮುಚ್ಚಿಕೊಂಡಾಗ, ಉಕ್ಕಿಗೆ ಉಕ್ಕು ಬಡಿದು ಪುಟಿಯುವುದು ಸಹಜ. ಕೂದಲೆಳೆಯಷ್ಟು ಹಿಂದೆ ಪುಟಿದರೂ ಸಾಕು, ಸ್ವಯಂಚಾಲಿತ ಹೊಡೆತದಲ್ಲಿ ಹ್ಯಾಮರ್ ಬೀಳುವ ಹೊತ್ತಿಗೆ ಕ್ಯಾರಿಯರ್ ಸರಿಯಾದ ಜಾಗದಲ್ಲಿರುವುದಿಲ್ಲ. ಪೆಟ್ಟು ಮೆತ್ತಗಾಗಿ ತೋಟಾ ಸಿಡಿಯದೆ ಉಳಿಯುತ್ತದೆ. ಇಲ್ಲಿ ಬಫರಿನ ಮೈ ಕ್ಯಾರಿಯರಿನೊಂದಿಗೇ ನಿಲ್ಲುತ್ತದೆ, ಒಳಗಿನ ತುಂಡುಗಳು ಮಾತ್ರ ನಿಲ್ಲುವುದಿಲ್ಲ. ಅವು ತಮ್ಮ ಓಟವನ್ನು ಇನ್ನೊಂದು ಕ್ಷಣ ಮುಂದುವರಿಸಿ, ಕ್ಯಾರಿಯರ್ ಪುಟಿಯಲು ಹೊರಟ ಆ ಗಳಿಗೆಗೆ ಸರಿಯಾಗಿ, ಒಂದರ ಬೆನ್ನಿಗೊಂದು ಬಂದು ತಳ್ಳುತ್ತವೆ. ಪುಟಿತ ಅಲ್ಲೇ ಸಾಯುತ್ತದೆ. ಕಾರ್ಖಾನೆಗಳಲ್ಲಿ ತಲೆಯೊಳಗೆ ಸೀಸದ ಗುಂಡು ತುಂಬಿದ ಸುತ್ತಿಗೆ ಇರುತ್ತದೆ. ಹೊಡೆದ ಮೇಲೆ ಅದು ಎಗರುವುದಿಲ್ಲ. ಅದೇ ಉಪಾಯ ಇಲ್ಲಿಯೂ ಇದೆ. ಹಿಂದಿನ ತುದಿಯಲ್ಲೂ ಇದೇ ಆಟ: ಮೈ ನಿಂತ ಮೇಲೆ ತೂಕ ಬಂದು ಸೇರುತ್ತದೆ, ಆದ್ದರಿಂದ ಪೆಟ್ಟು ಒಂದೇ ಸಲಕ್ಕೆ ಬೀಳುವುದಿಲ್ಲ. ಮೈಕ್ರೋಚಿಪ್ ಇಲ್ಲ, ತೈಲವಿಲ್ಲ, ಹೊಂದಿಸಲು ತಿರುಪಿಲ್ಲ. ಮೂರು ತುಂಡು ಲೋಹಕ್ಕೆ ತಡವಾಗಿ ಬರಲು ಕಲಿಸಿದ್ದಾರೆ, ಅಷ್ಟೆ. ಎಷ್ಟು ಸಲ ನೆನೆದರೂ ನನಗೆ ಈ ಯೋಚನೆಯ ಮೇಲಿನ ಬೆರಗು ತೀರುವುದಿಲ್ಲ.

ಈ ಚೆಲುವು ಸಂಕಟದಿಂದ ಹುಟ್ಟಿದ್ದು. ಎಆರ್-15ರ ಸೇನಾ ರೂಪವಾದ ಎಂ16ರ ಮೊದಲ ಬಫರಿನಲ್ಲಿ ಜರುಗುವ ತೂಕಗಳಿರಲಿಲ್ಲ. ಒಂದನ್ನೊಂದು ಒತ್ತುವ ಉಕ್ಕಿನ ಉಂಗುರಗಳಿದ್ದವು, ತೂಕವೂ ಹಗುರ. 1964ರ ಹೊತ್ತಿಗೆ ಅಮೆರಿಕದ ಸೇನೆ ತೋಟಾದ ಮದ್ದನ್ನೇ ಬದಲಿಸಿತು. ಹೊಸ ಮದ್ದಿನಲ್ಲಿ ಬಂದೂಕು ನಿಮಿಷಕ್ಕೆ 850 ಗುಂಡುಗಳ ನಿಗದಿತ ಮಿತಿಯನ್ನೂ ದಾಟಿ ಓಡತೊಡಗಿತು. ವಿಯೆಟ್ನಾಂ ಕಾಡಿನಲ್ಲಿ ಬಂದೂಕುಗಳು ಸಿಕ್ಕಿಕೊಂಡು ಸೈನಿಕರು ಪ್ರಾಣ ಕಳೆದುಕೊಂಡ ಆ ಕಥೆಗೆ ಮದ್ದು, ತುಕ್ಕು, ಶುಚಿ ಮಾಡುವ ಸಾಮಗ್ರಿಯ ಅಭಾವ ಎಲ್ಲವೂ ಸೇರಿಕೊಂಡಿವೆ. ಅದಕ್ಕೆ ಕಂಡುಕೊಂಡ ಪರಿಹಾರಗಳಲ್ಲೊಂದು, ಎಂ16 ತಯಾರಿಸುತ್ತಿದ್ದ ಕೋಲ್ಟ್ ಕಂಪನಿ 1966ರ ಕೊನೆಗೆ ತಂದ ಭಾರವಾದ ಹೊಸ ಬಫರ್. ಓಟ ತಗ್ಗಿತು, ಪುಟಿತ ನಿಂತಿತು. ಬಳಿಕ ಆ ಬಫರಿನ ಮೂಲ ರಚನೆಯನ್ನು ಯಾರೂ ಬದಲಿಸಬೇಕಾಗಲಿಲ್ಲ.

ಉದ್ದ ಬಂದೂಕಿನಲ್ಲಿ ಎಲ್ಲವೂ ಹದವಾಗಿತ್ತು: 20 ಇಂಚಿನ ನಳಿಗೆ, ನೀಳ ಸ್ಪ್ರಿಂಗು, ಸುಮಾರು 147 ಗ್ರಾಂ ಬಫರ್. ಸ್ಟಾಕನ್ನು ಒಳಕ್ಕೆ ಸರಿಸುವಂತೆ ಮಾಡಿ, ನಳಿಗೆಯನ್ನೂ ಮೊಟಕುಗೊಳಿಸಿ ಬಂದೂಕನ್ನು ಗಿಡ್ಡ ಮಾಡಲು ಹೊರಟಾಗ ಹದ ತಪ್ಪಿತು. ಅನಿಲದ ರಂಧ್ರ ಸುಮಾರು 5 ಇಂಚು ಹಿಂದೆ ಬಂತು, ಅಲ್ಲಿ ಒತ್ತಡ ಹೆಚ್ಚು. ಕ್ಯಾರಿಯರ್ ಬೇಗ ಬಿಚ್ಚಿಕೊಂಡು ಜೋರಾಗಿ ಓಡುತ್ತದೆ. ಅದನ್ನು ತಡೆಯಬೇಕಾದ ಬಫರಿಗೆ ಮಾತ್ರ ಜಾಗ ಕಡಿಮೆಯಾಗಿ ತೂಕ ಸುಮಾರು 85 ಗ್ರಾಮಿಗೆ ಇಳಿಯಿತು. ಹೆಚ್ಚು ರಭಸಕ್ಕೆ ಕಡಿಮೆ ತಡೆ! ಗಿಡ್ಡ ಬಂದೂಕು ಒರಟಾಗಿ ಒದೆಯುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಜಾಗ ಹೆಚ್ಚಿಸದೆ ತೂಕ ಹೆಚ್ಚಿಸುವುದು ಹೇಗೆ? ಉಕ್ಕಿನ ತುಂಡನ್ನು ತೆಗೆದು ಟಂಗ್‌ಸ್ಟನ್ ತುಂಡನ್ನು ಇಟ್ಟರು. ಅದೇ ಅಳತೆಗೆ ಎರಡೂವರೆ ಪಟ್ಟು ಭಾರ. ಒಂದು ತುಂಡು ಬದಲಾದರೆ ಎಚ್ ಬಫರ್, ಸುಮಾರು 108 ಗ್ರಾಂ. ಎರಡಾದರೆ ಎಚ್2, 130ರ ಆಸುಪಾಸು. ಮೂರೂ ಆದರೆ ಎಚ್3, 155ರ ಸಮೀಪ. ತನ್ನ ಗಿಡ್ಡ ಬಂದೂಕಾದ ಎಂ4 ಕಾರ್ಬೈನಿಗೆ ಸೇನೆ ಎಚ್ ಬಫರ್ ಹಾಕಿತು, ಅದರದೇ ಇನ್ನೊಂದು ರೂಪವಾದ ಎಂ4ಎ1ಗೆ ಎಚ್2. ಎಚ್2 ಅಂಗೈಗೆ ಬಿದ್ದಾಗ ಗಾತ್ರಕ್ಕೆ ಮೀರಿದ ಆ ಭಾರ ಕೊಡುವ ಸುಖವೇ ಬೇರೆ. ಹೊಡೆದಾಗ ಇನ್ನೂ ಸುಖ: ಗುರಿದರ್ಶಕದ ಚುಕ್ಕೆ ಹಾರಿಹೋಗುವುದಿಲ್ಲ, ಎದ್ದು ಅಲ್ಲಿಗೇ ಮರಳಿ ಕೂರುತ್ತದೆ. ಮುಂದಕ್ಕೆ ಓಡುವಾಗಲೂ ಅದೇ ತೂಕ ಕೊಳೆ, ಮರಳುಗಳನ್ನು ಮೀರಿ ತೋಟಾವನ್ನು ಗೂಡಿಗೆ ಸೇರಿಸುತ್ತದೆ. ಮೃದುತ್ವ, ನಂಬಿಕೆ ಎರಡೂ ಒಂದೇ ತೂಕದಿಂದ ಬರುವುದು ಅಪರೂಪದ ಕೂಡಿಕೆ.

ಹಾಗೆಂದು ಭಾರ ಹೆಚ್ಚಿದಷ್ಟೂ ಒಳ್ಳೆಯದಲ್ಲ. ಅನಿಲ ಸಾಲದ ಬಂದೂಕಿಗೆ ಎಚ್3 ಹಾಕಿದರೆ ಕ್ಯಾರಿಯರ್ ಅರ್ಧ ದಾರಿಗೇ ಸೋತು ಮರಳುತ್ತದೆ. ಸ್ಪರ್ಧೆಯ ಗುರಿಕಾರರಲ್ಲಿ ಕೆಲವರು ತದ್ವಿರುದ್ಧ ಹಾದಿ ಹಿಡಿಯುತ್ತಾರೆ: ಅನಿಲವನ್ನು ತಿರುಪಿನಿಂದ ಬಿಗಿದು ಎಲ್ಲವನ್ನೂ ಹಗುರ ಮಾಡುತ್ತಾರೆ. ಅವರ ಬಂದೂಕು ಬೆಣ್ಣೆಯಂತೆ ಒದೆಯುತ್ತದೆ, ನಿಜ. ಕೊಳೆ ಸೇರಿದರೆ ಮುನಿಯುತ್ತದೆ. ನನ್ನ ಒಲವು ವಿಲ್ಟರ್ ಕಂಪನಿಯ ಎ5 ಕಡೆಗೆ. ಕೊಳವೆಯನ್ನು ಮುಕ್ಕಾಲು ಇಂಚು ನೀಳ ಮಾಡಿ, ಉದ್ದ ಬಂದೂಕಿನ ಸ್ಪ್ರಿಂಗನ್ನೇ ಸರಿಯುವ ಸ್ಟಾಕಿನೊಳಗೆ ಕೂರಿಸಿದ ವ್ಯವಸ್ಥೆ ಅದು. ಗಿಡ್ಡ ಬಂದೂಕಿಗೆ ಸ್ಟೋನರನ ಮೂಲ ಹದವನ್ನು ಬಹುಪಾಲು ಮರಳಿ ಕೊಟ್ಟದ್ದು ಇದೊಂದೇ ಎಂದು ನನ್ನ ತೀರ್ಮಾನ. ಸ್ಪ್ರಿಂಗಿನ ಕಿಣಿಕಿಣಿ ಕಿವಿಗೆ ಹಿಂಸೆ ಎನ್ನುವವರಿಗೆ ಚಪ್ಪಟೆ ತಂತಿಯ ಸ್ಪ್ರಿಂಗುಗಳೂ ಸರಳಿಗೆ ಪೋಣಿಸಿದ ನಿಶ್ಶಬ್ದ ಸ್ಪ್ರಿಂಗುಗಳೂ ಇವೆ. ನನಗೆ ಆ ಸದ್ದು ಬೇಡವೆನ್ನಿಸಿದ್ದಿಲ್ಲ.

ಇದಕ್ಕೆ ಅನುಮತಿ ಇರುವ ದೇಶದಲ್ಲಿದ್ದು ನಿಮ್ಮ ಕೈಯಲ್ಲೂ ಇಂಥದೊಂದು ಗಿಡ್ಡ ಬಂದೂಕಿದ್ದರೆ ದುಬಾರಿ ಬಫರಿಗೆ ಹೋಗುವ ಮೊದಲು ಹಳೆಯ ಸ್ಪ್ರಿಂಗನ್ನು ತೆಗೆದು ಅಳೆಯಿರಿ. ಸುಮಾರು 10 ಇಂಚಿಗಿಂತ ಕುಗ್ಗಿದ್ದರೆ ಹೊಸದು ಹಾಕಿ. ಆಮೇಲೆ ಎಚ್2. ಮ್ಯಾಗಜೀನಿಗೆ ಒಂದೇ ತೋಟಾ ತುಂಬಿ ಹೊಡೆಯಿರಿ, ಹೀಗೆ ಹಲವು ಸಲ. ಪ್ರತಿ ಸಲವೂ ಬೋಲ್ಟ್ ಹಿಂದೆ ತೆರೆದು ನಿಂತರೆ ತೂಕ ಸರಿಯಾಗಿದೆ. ನಿಲ್ಲದಿದ್ದರೆ ಒಂದು ಮೆಟ್ಟಿಲು ಹಗುರದ್ದಕ್ಕೆ ಇಳಿಯಿರಿ.