ಹರಾಜಿನ ಸಂಜೆ ಮುಗಿದ ಮೇಲೆ ಶುರುವಾಗುವ ಆಟ

ಐಪಿಎಲ್ ಹತ್ತಿರವಾದಂತೆ ಬೆಂಗಳೂರಿನ ಪೂರ್ವ ಭಾಗದಲ್ಲಿ ಎರಡು ಬಗೆಯ ಹರಾಜು ನಡೆಯುತ್ತವೆ. ಕೆ.ಆರ್. ಪುರದ ಆಸುಪಾಸಿನ ಕಾಲೇಜು ಫೆಸ್ಟುಗಳ ‘ಮಾಕ್ ಆಕ್ಷನ್’ ಒಂದು. ಹಲಸೂರು, ಇಂದಿರಾನಗರದ ಬಾಡಿಗೆ ಮನೆಗಳಲ್ಲಿ ಸಹೋದ್ಯೋಗಿಗಳು ಭಾನುವಾರ ಕೂತು ಆಡುವ ಲೀಗ್ ಇನ್ನೊಂದು. ಮೇಲ್ನೋಟಕ್ಕೆ ಎರಡೂ ಒಂದೇ: ಕಾಗದದ ಮೇಲಿನ 120 ಕೋಟಿ, ಆಟಗಾರರ ಪಟ್ಟಿ, ಹರಾಜು ಕೂಗಲು ಗಟ್ಟಿ ಗಂಟಲಿನವನೊಬ್ಬ. ಆದರೆ ಮೊದಲನೆಯದು ಅರ್ಧ ಆಟ ಎಂಬುದು ನನ್ನ ಖಚಿತ ಅಭಿಪ್ರಾಯ.

ಫೆಸ್ಟಿನಲ್ಲಿ ಪ್ರತಿ ಆಟಗಾರನಿಗೂ ಸಂಘಟಕರು ಮೊದಲೇ ಒಂದು ರೇಟಿಂಗ್ ಕೊಟ್ಟಿರುತ್ತಾರೆ. ಹರಾಜು ಮುಗಿದ ಮೇಲೆ ರೇಟಿಂಗ್ ಕೂಡಿಸಿ, ಹೆಚ್ಚು ಬಂದವರಿಗೆ ಅಂದೇ ಸಂಜೆ ಬಹುಮಾನ. ಇಲ್ಲಿ ಕ್ರಿಕೆಟ್ ಗೊತ್ತಿರಬೇಕಾದ ಅಗತ್ಯವೇ ಇಲ್ಲ, ಕೂಡುವ ಕಳೆಯುವ ಲೆಕ್ಕ ಚುರುಕಾಗಿದ್ದರೆ ಸಾಕು. ಆಟಗಾರ ಮುಂದೆ ಹೇಗೆ ಆಡಿಯಾನು ಎಂದು ಊಹಿಸುವುದೇ ತಂಡ ಕಟ್ಟುವ ಕೆಲಸದ ಜೀವ, ಅದನ್ನೇ ಇಲ್ಲಿ ತೆಗೆದುಹಾಕಿದ್ದಾರೆ. ಈ ಬಗೆಯ ಆಟಕ್ಕೆ ರೂಪ ಕೊಟ್ಟ ಡೇನಿಯಲ್ ಓಕ್ರೆಂಟ್ 1980ರಲ್ಲಿ ನ್ಯೂಯಾರ್ಕಿನ ಗೆಳೆಯರೊಡನೆ ಬೇಸ್‌ಬಾಲಿನ ‘ರೋಟಿಸರಿ ಲೀಗ್’ ಆರಂಭಿಸಿದಾಗ ಹರಾಜು ಬರೀ ಮೊದಲ ಹೆಜ್ಜೆಯಾಗಿತ್ತು. 260 ಡಾಲರ್, 23 ಆಟಗಾರರು ಎಂಬುದು ಅಲ್ಲಿ ಇಂದಿಗೂ ರೂಢಿಯಲ್ಲಿರುವ ಲೆಕ್ಕ. ಕೊಂಡ ತಂಡದ ಹಣೆಬರಹ ಮಾತ್ರ ಇಡೀ ಸೀಸನ್ನಿನ ನಿಜವಾದ ಅಂಕಿಅಂಶಗಳ ಕೈಯಲ್ಲಿ. ನಮ್ಮ ಮನೆ ಲೀಗುಗಳದೂ ಇದೇ ಬಗೆ.

ಒಂದೊಂದು ಪಂದ್ಯಕ್ಕೆ ತಂಡ ಆರಿಸುವ ಮೊಬೈಲ್ ಆ್ಯಪ್‌ಗಳ ದಿನದಾಟ ಇಂಥ ಲೀಗಿಗೆ ಸಾಟಿಯಲ್ಲ. ಅದಕ್ಕೆ ಹಣ ಕಟ್ಟುವುದರ ಬಗ್ಗೆ ಕರ್ನಾಟಕದಲ್ಲಿ 2021ರಿಂದಲೇ ಕಾನೂನಿನ ಜಗ್ಗಾಟವಿತ್ತು, 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು ಹಣದಾಟವೇ ನಿಂತಿತು. ನನ್ನ ತಕರಾರು ಹಣದ್ದಷ್ಟೇ ಅಲ್ಲ. ಆ್ಯಪಿನಲ್ಲಿ ಲಕ್ಷ ಜನವೂ ಕೊಹ್ಲಿಯನ್ನೇ ನಾಯಕ ಮಾಡಬಹುದು. ಎಂಟು ಜನರ ಲೀಗಿನಲ್ಲಿ ಕೊಹ್ಲಿ ಒಬ್ಬನ ಪಾಲಿಗೆ ಹೋದರೆ ಉಳಿದ ಏಳು ಜನರಿಗೆ ಇಲ್ಲ. ತಂತ್ರ ಎಂಬುದು ಹುಟ್ಟುವುದೇ ಈ ಅಭಾವದಿಂದ.

ತಂತ್ರದಲ್ಲಿ ಮೊದಲು ಬರುವುದು ಬೆಲೆ ಕಟ್ಟುವ ಬಗೆ. ಆಟಗಾರ ಎಷ್ಟು ಒಳ್ಳೆಯವನು ಎಂದು ಕೇಳಿದರೆ ಸಾಲದು. ಅವನು ಕೈತಪ್ಪಿದರೆ ಅದೇ ಜಾಗಕ್ಕೆ ಸಿಗುವ ಮುಂದಿನವನು ಎಷ್ಟು ಕಡಿಮೆ ಎಂದು ಕೇಳಬೇಕು. ಬೇಸ್‌ಬಾಲಿನಲ್ಲಿ ಚೆನ್ನಾಗಿ ಬ್ಯಾಟ್ ಬೀಸುವ ಕ್ಯಾಚರ್‌ಗಳು ವಿರಳ, ಹಾಗಾಗಿ ದುಬಾರಿ. ಐಪಿಎಲ್‌ನಲ್ಲಿ ಆ ಸ್ಥಾನ ಭಾರತೀಯ ವಿಕೆಟ್‌ಕೀಪರ್ ಬ್ಯಾಟರ್‌ನದು, ಏಕೆಂದರೆ ಅವನಿದ್ದರೆ ನಾಲ್ಕು ವಿದೇಶಿಯರ ಜಾಗ ಬೇರೆಯವರಿಗೆ ಉಳಿಯುತ್ತದೆ. 2024ರ ನವೆಂಬರಿನಲ್ಲಿ ಜೆಡ್ಡಾದ ಐಪಿಎಲ್ ಹರಾಜಿನಲ್ಲಿ ಪಂತ್‌ಗೆ 27 ಕೋಟಿ, ರಾಹುಲ್‌ಗೆ 14 ಕೋಟಿ, ಜಿತೇಶ್‌ಗೆ 11 ಕೋಟಿ ಬಿದ್ದದ್ದರ ಹಿಂದೆ ಈ ಲೆಕ್ಕವೂ ಇದೆ.

ಎರಡನೆಯದು ಹರಾಜಿನ ಕಾವು. 2022ರ ಫೆಬ್ರವರಿ 12ರಂದು ರೆಸಿಡೆನ್ಸಿ ರಸ್ತೆಯ ಐಟಿಸಿ ಗಾರ್ಡೇನಿಯಾದ ಐಪಿಎಲ್ ಹರಾಜಿನಲ್ಲಿ ನಡೆದದ್ದನ್ನು ನೆನೆಯಿರಿ. ಲೆಗ್‌ಸ್ಪಿನ್ನರ್ ಹಸರಂಗನ ಬೆಲೆ 10.75 ಕೋಟಿಗೆ ಏರಿದ್ದಾಗ ಹರಾಜು ಕೂಗುತ್ತಿದ್ದ ಹ್ಯೂ ಎಡ್ಮೀಡ್ಸ್ ಕುಸಿದುಬಿದ್ದರು. ನಿರೂಪಕ ಚಾರು ಶರ್ಮ ಕರೆ ಬಂದ ಕೂಡಲೇ ಓಡಿಬಂದು ಸುತ್ತಿಗೆ ಹಿಡಿದರು. ಮತ್ತೆ ಶುರುವಾದಾಗ ಅದೇ ಬೆಲೆಗೆ ಆತ ಆರ್‌ಸಿಬಿ ಪಾಲಾದ. ಆ ವರ್ಷ 26 ವಿಕೆಟ್ ಕೊಟ್ಟ, ಬೆಲೆ ದಕ್ಕಿತು. ಮರುವರ್ಷ ಬಂದದ್ದು ಒಂಬತ್ತೇ ವಿಕೆಟ್. 2023ರ ಡಿಸೆಂಬರಿನಲ್ಲಿ ಅದೇ ಆಟಗಾರನನ್ನು ಹೈದರಾಬಾದ್ ಮೂಲಬೆಲೆ ಒಂದೂವರೆ ಕೋಟಿಗೆ ಕೊಂಡಿತು. ರೇಟಿಂಗಿನ ಪಟ್ಟಿ ಈ ಏರಿಳಿತವನ್ನು ಹೇಗೆ ತಾನೇ ಹೇಳೀತು?

ಮನೆ ಲೀಗಿನಲ್ಲಿ ಪಳಗಿದವರು ತಮಗೆ ಬೇಡದ ದೊಡ್ಡ ಹೆಸರುಗಳನ್ನೇ ಮೊದಲು ಹರಾಜಿಗೆ ಇಡುತ್ತಾರೆ, ಬೇರೆಯವರ ಚೀಲ ಬೇಗ ಹಗುರಾಗಲಿ ಎಂದು. ಲ್ಯಾಪ್‌ಟಾಪಿನ ಎಕ್ಸೆಲ್ ಶೀಟಿನಲ್ಲಿ ಉಳಿದವರ ಉಳಿಕೆ ಹಣದ ಕಾಲಂ ಕೆಂಪಾಗುತ್ತಿದ್ದಂತೆ ಈ ಪಳಗಿದವರ ದನಿ ಏಳುತ್ತದೆ. ಚೀಟಿ ಕೂಗುವಾಗ ಗರಜಿದ್ದವನ ಮುಖ ಬೇಗ ಗೊತ್ತಾಗುವಂತೆ ಇಲ್ಲಿಯೂ ಗೊತ್ತಾಗುತ್ತದೆ, ನಮ್ಮ ಊರಿನಲ್ಲಂತೂ ಆ ಗರಜಿಗೆ ಅಭಿಮಾನ ಎಂದು ಹೆಸರು. ದ್ರಾವಿಡ್ ಇಂದಿರಾನಗರದವರು, ರಾಹುಲ್, ಪಡಿಕ್ಕಲ್ ಕರ್ನಾಟಕದವರು ಎಂಬ ಮಮತೆ ದೊಡ್ಡದು. ಆದರೆ ಮಮತೆಗೆ ಎರಡು ಕೋಟಿ ಹೆಚ್ಚು ಕೊಟ್ಟವನಿಗೆ ಕೊನೆಯ ಸುತ್ತಿನಲ್ಲಿ ಬೌಲರ್ ಸಿಗುವುದಿಲ್ಲ.

ಈ ವಿಷಯದಲ್ಲಿ ಆರ್‌ಸಿಬಿಯೇ ಒಳ್ಳೆಯ ಪಾಠ. ರಾಹುಲ್ ಬರಲಿಲ್ಲವೆಂದು ಜನ ಮುನಿಸಿಕೊಂಡರು. ತಂಡ ಮಾತ್ರ ಜೆಡ್ಡಾದಲ್ಲಿ ಮೊದಲ ದಿನ ಮುಗಿದಾಗ 30.65 ಕೋಟಿ ಉಳಿಸಿಕೊಂಡಿತ್ತು. ಎರಡನೆಯ ದಿನ ಭುವನೇಶ್ವರ್ 10.75, ಕೃಣಾಲ್ 5.75, ಟಿಮ್ ಡೇವಿಡ್ 3 ಕೋಟಿಗೆ ಬಂದರು. ಮೊದಲ ಸುತ್ತಿನಲ್ಲಿ ಯಾರೂ ಕೇಳದಿದ್ದ ಪಡಿಕ್ಕಲ್ ಮೂಲಬೆಲೆ 2 ಕೋಟಿಗೇ ಸಿಕ್ಕರು. 2025ರ ಜೂನ್ 3ರ ಫೈನಲ್‌ನಲ್ಲಿ 17 ರನ್ನಿಗೆ 2 ವಿಕೆಟ್ ಕಿತ್ತು ಪಂದ್ಯಶ್ರೇಷ್ಠನಾದವನು ಕೃಣಾಲ್.

ತಾರೆಗಳ ಮೇಲೆ ಹಣ ಸುರಿಯುವ ತಂತ್ರವನ್ನು ಪೂರ್ತಿ ತಳ್ಳಿಹಾಕಲಾರೆ. 2016ರಲ್ಲಿ ಕೊಹ್ಲಿ 16 ಪಂದ್ಯಗಳಲ್ಲಿ 973 ರನ್ ಹೊಡೆದರು. ಆ ವರ್ಷ ಅವರನ್ನು ಯಾವ ಬೆಲೆಗೆ ಕೊಂಡಿದ್ದರೂ ಲೀಗಿನಲ್ಲಿ ಲಾಭವೇ. ಆದರೆ ಚಿನ್ನಸ್ವಾಮಿಯ ಫೈನಲ್‌ನಲ್ಲಿ ಆರ್‌ಸಿಬಿ 8 ರನ್ನಿನಿಂದ ಸೋತಿತು. ಲೀಗಿನ ಅಂಕ ರನ್ನನ್ನು ಎಣಿಸುತ್ತದೆ, ತಂಡದ ಗೆಲುವನ್ನು ಎಣಿಸುವುದಿಲ್ಲ. ಈ ಆಟದ ನಿಜವಾದ ಮಿತಿ ಇದೇ, ಯಾವ ನಿಯಮ ತಂದರೂ ಇದು ಪೂರ್ತಿ ನೀಗುವುದಿಲ್ಲ.

ಮೈದಾನದ ಲೆಕ್ಕವನ್ನು ನಮ್ಮವರು ಇನ್ನೂ ಸಾಕಷ್ಟು ಹಾಕುತ್ತಿಲ್ಲ. ಅಮೆರಿಕದ ಡೆನ್ವರ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ತೆಳುಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ. ಅದಕ್ಕೇ ಅಲ್ಲಿನ ಕೂರ್ಸ್ ಫೀಲ್ಡಿನಲ್ಲಿ ಆಡುವ ಪಿಚರ್‌ಗಳನ್ನು ಬೇಸ್‌ಬಾಲ್ ಲೀಗಿನವರು ಕಡಿಮೆ ಬೆಲೆಗೆ ಮಾತ್ರ ಮುಟ್ಟುತ್ತಾರೆ. ಬೆಂಗಳೂರು 900 ಮೀಟರಿನಷ್ಟು ಎತ್ತರದಲ್ಲಿದೆ, ಚಿನ್ನಸ್ವಾಮಿಯ ಬೌಂಡರಿಯೂ ಚಿಕ್ಕದು. 2024ರ ಏಪ್ರಿಲ್ 15ರಂದು ಇಲ್ಲಿ ಒಂದೇ ಪಂದ್ಯದಲ್ಲಿ 549 ರನ್ ಬಂತು. ತವರಿನ ಹೆಚ್ಚಿನ ಪಂದ್ಯಗಳನ್ನು ಇಲ್ಲೇ ಆಡುವ ಸ್ಪಿನ್ನರ್‌ಗೆ ಬೆಲೆ ಕಟ್ಟುವಾಗ ಇದು ಮನಸ್ಸಿನಲ್ಲಿರಬೇಕು.

ಇನ್ನು ಬೆಂಚು. 2025ರ ಮೇ ತಿಂಗಳಲ್ಲಿ ಪಡಿಕ್ಕಲ್ ಗಾಯಗೊಂಡು ಮಯಂಕ್ ಅಗರ್‌ವಾಲ್ ಬಂದರು. ಟೂರ್ನಿಯೇ ಒಂದು ವಾರ ನಿಂತು ಮತ್ತೆ ಶುರುವಾಯಿತು. ಹನ್ನೊಂದು ಹೆಸರಿಗೇ ಹಣವೆಲ್ಲ ಮುಗಿಸಿದವರು ಅಂಥ ಹೊತ್ತಿನಲ್ಲಿ ಖಾಲಿ ಕೈಯಲ್ಲಿ ಕೂರಬೇಕಾಗುತ್ತದೆ.

ಫೆಸ್ಟ್ ನಡೆಸುವವರು ರೇಟಿಂಗ್ ಪಟ್ಟಿಯನ್ನು ಬಿಟ್ಟುಬಿಡಲಿ. ಹರಾಜಾದ ತಂಡಗಳನ್ನು ಅಂದೇ ಮುಚ್ಚಿ, ನಾಲ್ಕೈದು ಮೀಸಲು ಆಟಗಾರರಿಗೆ ಜಾಗ ಕೊಟ್ಟು, ನಡುವೆ ಒಮ್ಮೆ ಬದಲಾವಣೆಗೆ ಅವಕಾಶವಿಟ್ಟು, ಬಹುಮಾನವನ್ನು ಫೈನಲ್ ಮುಗಿದ ವಾರಕ್ಕೆ ಇಟ್ಟುಕೊಳ್ಳಲಿ. ಆ ಹೊತ್ತಿಗೆ ಪರೀಕ್ಷೆ ಎಂಬ ತಕರಾರು ಬರುತ್ತದೆ. ಆದರೆ ಪಂದ್ಯ ಮುಗಿದ ರಾತ್ರಿ ಅಂಕ ತುಂಬಿ ವಾಟ್ಸಾಪ್ ಗುಂಪಿಗೆ ಹಾಕಲು ಒಬ್ಬ ವಿದ್ಯಾರ್ಥಿ ಸಾಕು, ಅಂಥ ಹುಡುಗಿಯೋ ಹುಡುಗನೋ ಪ್ರತಿ ತರಗತಿಯಲ್ಲೂ ಇದ್ದೇ ಇರುತ್ತಾರೆ.